ಗಾಯಗೊಳ್ಳಲೆಂದೇ ಇರುವ ಹಲಗೆ

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಶಿರಾಲಿಗೆ ಮುಂಗಾರು ಬಂದಿಳಿಯುವ ಪರಿಯನ್ನು ಕಂಡವರೇ ಬಲ್ಲರು. ಬೆಳಿಗ್ಗೆ ತಿಳಿಯಾಗಿದ್ದ ಪಡುವಣ ದಿಕ್ಕು ಮಧ್ಯಾಹ್ನದ ಹೊತ್ತಿಗೆ ಮಸಿ ಬಳಿದಂತಾಗುತ್ತದೆ; ಸಂಜೆಯೊಳಗೆ ತೆಂಗಿನ ತೋಟಗಳೂ ಗದ್ದೆಗಳೂ ಒಂದೇ ನೀರಿನ ತೆರೆಯ ಹಿಂದೆ ಮರೆಯಾಗುತ್ತವೆ. ಅಲ್ಲಿಂದ ಮುಂದೆ ನಾಲ್ಕು ತಿಂಗಳು ಸೂರ್ಯನ ದರ್ಶನವೇ ಒಂದು ಭಾಗ್ಯ. ಮನೆಯೊಳಗೆ ಭರಣಿಯ ಉಪ್ಪು ನೀರೊಡೆಯುತ್ತದೆ, ಡಬ್ಬಿಯ ಹಪ್ಪಳ ಮೆತ್ತಗಾಗುತ್ತದೆ, ಬೇಸಗೆಯಲ್ಲಿ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಉಬ್ಬಿಕೊಂಡು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮರವು ಗಾಳಿಯಿಂದಲೇ ನೀರು ಕುಡಿಯುತ್ತದೆ ಎಂಬ ಸತ್ಯವನ್ನು ಕರಾವಳಿಯ ಗೃಹಿಣಿಗೆ ಯಾವ ಪಂಡಿತನೂ ಕಲಿಸಬೇಕಾಗಿಲ್ಲ.

ಆದರೆ ಉಬ್ಬಿದ ಬಾಗಿಲನ್ನು ಭುಜ ಕೊಟ್ಟು ತಳ್ಳಿದರೆ ತೀರಿತು. ಅರ್ಧ ಮಿಲಿಮೀಟರು ಉಬ್ಬಿದರೂ ಸಾವಿರಾರು ರೂಪಾಯಿ ಬೆಲೆಯ ತೇಗದ ಮರವನ್ನು ಹಾಳುಗೆಡವುವ ಹಲಗೆಯೊಂದು ಇಂದಿನ ಮರಗೆಲಸದ ಶಾಲೆಗಳಲ್ಲಿದೆ. ಅದನ್ನು ಯಾರೂ ಮನೆಗೆ ಕೊಂಡೊಯ್ಯುವುದಿಲ್ಲ. ಯಾವ ಗೃಹಪ್ರವೇಶದಲ್ಲಿಯೂ ಅದರ ಹೆಸರು ಕೇಳಿಬರುವುದಿಲ್ಲ. ಪ್ರತಿ ದಿನವೂ ಮೈಮೇಲೆ ಗಾಯ ಮಾಡಿಸಿಕೊಳ್ಳುವುದೇ ಅದರ ಕಾಯಕ. ಇಂಗ್ಲಿಷಿನಲ್ಲಿ ಅದಕ್ಕೆ ‘ಸ್ಪಾಯಿಲ್‌ಬೋರ್ಡ್’ ಎಂದು ಹೆಸರು. ಎಂದರೆ ಕೆಡುವುದಕ್ಕೆಂದೇ ಇಟ್ಟ ಹಲಗೆ. ಕನ್ನಡದಲ್ಲಿ ಅದನ್ನು ಸರಳವಾಗಿ ಅಡಿಹಲಗೆ ಎನ್ನಬಹುದು.

ಉಳಿಯಿಂದ ಯಂತ್ರಕ್ಕೆ

ಕುಮಟಾ, ಹೊನ್ನಾವರ, ಭಟ್ಕಳಗಳ ಈ ಸೀಮೆಗೆ ಕೆತ್ತನೆ ಹೊಸದಲ್ಲ. ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ, ಸಾಗರ, ಸೊರಬಗಳಲ್ಲಿ ನೆಲೆಸಿದ ಗುಡಿಗಾರರು ಶ್ರೀಗಂಧದ ಮೇಲೆ ಬಿಡಿಸಿದ ಬಳ್ಳಿ, ಹೂ, ಹಕ್ಕಿಗಳು ನಾಡಿನ ಹೊರಗೂ ಹೆಸರು ಮಾಡಿವೆ. ಭಟ್ಕಳದ 16ನೆಯ ಶತಮಾನದ ಗುಡಿಗಳನ್ನು ನೋಡಿದವರಿಗೆ ಇನ್ನೊಂದು ಸೋಜಿಗ ಕಾಣುತ್ತದೆ. ಅಲ್ಲಿಯ ಶಿಲ್ಪಿಗಳು ಕಲ್ಲನ್ನೇ ಮರದಂತೆ ಬಳಸಿದ್ದಾರೆ. ಮಳೆನೀರು ಜಾರಿಹೋಗುವಂತೆ ಇಳಿಜಾರಾಗಿ ಹಾಸಿದ ಕಲ್ಲಿನ ಚಪ್ಪಡಿಗಳ ಮಾಡು, ಮರದ ಪಟ್ಟಿಗಳನ್ನು ಜೋಡಿಸಿದಂತೆ ಕಾಣುವ ಕಲ್ಲಿನ ಜಾಲಂದರ! ಖೇತಪೈ ನಾರಾಯಣ ದೇವಾಲಯ ಇದಕ್ಕೆ ಒಳ್ಳೆಯ ನಿದರ್ಶನ. ಶಿರಾಲಿಯಲ್ಲಿಯೇ ಚಿತ್ರಾಪುರ ಮಠದ ರಥೋತ್ಸವ ಚೈತ್ರ ಮಾಸದಲ್ಲಿ ನಡೆಯುತ್ತದೆ. ಅದೂ ಮರಗೆಲಸದ ಹಿರಿಮೆಯನ್ನು ವರ್ಷಕ್ಕೊಮ್ಮೆ ಊರಿಗೆ ನೆನಪಿಸುವ ಹಬ್ಬವೇ ಸರಿ.

ಇಂಥ ನಾಡಿನಲ್ಲಿ ಇಂದು ದೇವರ ಮಂಟಪ, ಮುಂಬಾಗಿಲು, ಕಿಟಕಿಯ ಜಾಲರಿ ಮುಂತಾದವುಗಳ ಕೆತ್ತನೆಯಲ್ಲಿ ದೊಡ್ಡ ಪಾಲನ್ನು ಯಂತ್ರ ವಹಿಸಿಕೊಂಡಿದೆ. ಮಂಗಳೂರು, ಉಡುಪಿ, ಕುಂದಾಪುರಗಳಂಥ ಕರಾವಳಿಯ ಪಟ್ಟಣಗಳಲ್ಲಿ ‘ಸಿ.ಎನ್.ಸಿ. ಕಟಿಂಗ್’ ಎಂಬ ಫಲಕ ಈಗ ಅಪರೂಪವಲ್ಲ. ಗಣಕಯಂತ್ರ ಅಂಕಿಗಳಲ್ಲಿ ಅಪ್ಪಣೆ ಕೊಡುತ್ತದೆ. ಆ ಅಪ್ಪಣೆಯಂತೆ ನಿಮಿಷಕ್ಕೆ ಹದಿನೆಂಟು ಸಾವಿರ ಸುತ್ತು, ಕೆಲವೊಮ್ಮೆ ಇಪ್ಪತ್ತುನಾಲ್ಕು ಸಾವಿರ ಸುತ್ತು ತಿರುಗುವ ಬಿಟ್ಟು ಮರವನ್ನು ಕೊರೆಯುತ್ತದೆ.

ಈ ವಿದ್ಯೆ ಹುಟ್ಟಿದ್ದು ಮರಕ್ಕಾಗಿ ಅಲ್ಲ. ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದ ಜಾನ್ ಪಾರ್ಸನ್ಸ್ ಎಂಬಾತನಿಗೆ, ವಕ್ರವಾದ ಮೈಯನ್ನು ಅಂಕಿಗಳ ಪಟ್ಟಿಯಿಂದ ಕೊರೆಯಬಹುದೆಂಬ ಆಲೋಚನೆ ಹೊಳೆಯಿತು. ಅದರ ಬೆನ್ನು ಹತ್ತಿ ಎಂ.ಐ.ಟಿ. ವಿದ್ಯಾಸಂಸ್ಥೆಯ ಎಂಜಿನಿಯರುಗಳು 1952ರಲ್ಲಿ ಮೊದಲ ಯಂತ್ರವನ್ನು ಪ್ರದರ್ಶಿಸಿದರು. ಅಂದು ಒಂದು ಕೋಣೆಯನ್ನೇ ತುಂಬುತ್ತಿದ್ದ ಆ ಬುದ್ಧಿ ಇಂದು ಅಂಗೈಯಗಲದ ಒಂದು ಪೆಟ್ಟಿಗೆಯಲ್ಲಿ ಅಡಗಿದೆ.

ಯಂತ್ರ ಬುದ್ಧಿವಂತನಾಯಿತು, ನಿಜ. ಆದರೆ ಅದಕ್ಕೆ ಕಣ್ಣಿಲ್ಲ. ಗುಡಿಗಾರನ ಕೈ ಉಳಿ ಹಿಡಿದಾಗ ಮರ ತಗ್ಗಿದ್ದರೆ ತಗ್ಗಿಗೆ ತಕ್ಕಂತೆ, ಉಬ್ಬಿದ್ದರೆ ಉಬ್ಬಿಗೆ ತಕ್ಕಂತೆ ಹದ ತಪ್ಪದೆ ನಡೆಯುತ್ತದೆ. ಯಂತ್ರಕ್ಕೆ ಆ ವಿವೇಕವಿಲ್ಲ. ಮರ ಇಂಥ ಎತ್ತರದಲ್ಲಿದೆ ಎಂದು ಒಮ್ಮೆ ಹೇಳಿದರೆ ಅದನ್ನೇ ನಂಬಿ ಕೊನೆಯವರೆಗೂ ಕೊರೆಯುತ್ತದೆ. ಆ ನಂಬಿಕೆಗೆ ಆಧಾರವಾದದ್ದು ಅಡಿಹಲಗೆ.

ಗಾಳಿಯೇ ಹಿಡಿಯುವ ಹಿಡಿತ

ಕೊರೆಯುವಾಗ ಮರ ಅಲುಗದಂತೆ ಹಿಡಿಯುವುದು ಹೇಗೆ? ಊರಿನ ಆಚಾರಿ ಕಾಲಿನಿಂದ ಒತ್ತಿ ಹಿಡಿಯುತ್ತಾನೆ, ಬೆಣೆ ಬಡಿಯುತ್ತಾನೆ, ಮೊಳೆ ಹೊಡೆಯುತ್ತಾನೆ. ಯಂತ್ರದಲ್ಲಿ ಮೊಳೆ ಇಟ್ಟರೆ ಬಿಟ್ಟು ಅದಕ್ಕೆ ತಾಗಿ ಸಿಡಿದೀತು. ಆದ್ದರಿಂದ ಒಳ್ಳೆಯ ಯಂತ್ರಗಳಲ್ಲಿ ಮೇಜಿನ ಅಡಿಯಿಂದ ಗಾಳಿಯನ್ನು ಹೀರುವ ಏರ್ಪಾಡು ಇರುತ್ತದೆ. ಕೆಳಗಿನ ಗಾಳಿಯನ್ನು ಪಂಪು ಹೀರಿಬಿಟ್ಟರೆ, ಮೇಲಿನ ವಾತಾವರಣ ಮರವನ್ನು ಅದುಮಿ ಹಿಡಿಯುತ್ತದೆ.

ಗಾಳಿಗೆ ಇಷ್ಟು ಬಲವೇ ಎಂದು ಕೇಳುವವರುಂಟು. 1650ರ ದಶಕದಲ್ಲಿ ಜರ್ಮನಿಯ ಮಾಗ್ಡೆಬುರ್ಗ್ ನಗರದ ಆಟೋ ಫಾನ್ ಗೆರಿಕೆ ಎಂಬಾತ ಎರಡು ತಾಮ್ರದ ಅರ್ಧಗೋಳಗಳನ್ನು ಬಾಯಿಗೆ ಬಾಯಿ ಕೂಡಿಸಿ, ಒಳಗಿನ ಗಾಳಿಯನ್ನು ತೆಗೆದು, ಎರಡೂ ಬದಿಗೆ ಕುದುರೆಗಳ ಸಾಲು ಕಟ್ಟಿ ಎಳೆಸಿದ. ಗೋಳಗಳು ಬೇರೆಯಾಗಲಿಲ್ಲ. ಸಮುದ್ರ ಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೂ ವಾತಾವರಣದ ಒತ್ತಡ ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೇಜಿನಲ್ಲಿ ಪಂಪು ಅರ್ಧದಷ್ಟು ಗಾಳಿಯನ್ನು ಹೀರಿದರೂ ಸಾಕು, ಮೇಲೆ ಹಾಸಿದ ಇಡೀ ಹಲಗೆಯನ್ನು ಸುಮಾರು ಹದಿನೈದು ಟನ್ನಿನ ಬಲ ಅದುಮುತ್ತದೆ. ಮೂರು ನಾಲ್ಕು ಆನೆಗಳನ್ನು ತಂದು ನಿಲ್ಲಿಸಿದಂತೆಯೇ ಸರಿ!

ಆದರೆ ಈ ಲೆಕ್ಕದಲ್ಲಿ ಒಂದು ಮೋಸವಿದೆ. ಬಲ ನಿಂತಿರುವುದು ವಿಸ್ತಾರದ ಮೇಲೆ. ಒಂದು ಅಡಿ ಚಚ್ಚೌಕದ ತುಂಡಿನ ಮೇಲೆ ನಾಲ್ಕುನೂರೈವತ್ತು ಕಿಲೋಗ್ರಾಮಿನಷ್ಟು ಬಲ ಬಿದ್ದರೆ, ಎರಡು ಅಂಗುಲದ ಸಣ್ಣ ಹೂವಿನ ತುಂಡಿನ ಮೇಲೆ ಬೀಳುವುದು ಹನ್ನೆರಡು ಹದಿಮೂರು ಕಿಲೋಗ್ರಾಮು ಮಾತ್ರ. ಅದೂ ಕೆಳಮುಖವಾದ ಬಲ. ಬಿಟ್ಟು ಪಕ್ಕಕ್ಕೆ ತಳ್ಳಿದಾಗ ಎದುರು ನಿಲ್ಲುವುದು ಅದರ ಒಂದಂಶವಾದ ಘರ್ಷಣೆಯಷ್ಟೇ. ಸೋರಿಕೆಯೂ ಸೇರಿತೆಂದರೆ ತುಂಡು ಜಾರುತ್ತದೆ. ಕೆಲವೊಮ್ಮೆ ಕವಣೆಕಲ್ಲಿನಂತೆ ಹಾರುತ್ತದೆ. ಅಡಿಹಲಗೆಯ ಆರೈಕೆ ಕೇವಲ ಅಂದಚೆಂದದ ಪ್ರಶ್ನೆಯಲ್ಲ, ಯಂತ್ರದ ಬಳಿ ನಿಂತವನ ಕಣ್ಣಿನ ಪ್ರಶ್ನೆಯೂ ಹೌದು.

ನಾರುಹಲಗೆಯ ಜಾತಕ

ಮೇಜಿನ ಮೈ ಲೋಹದ್ದೋ ಗಟ್ಟಿ ಪ್ಲಾಸ್ಟಿಕಿನದೋ ಆಗಿದ್ದು, ಅದರಲ್ಲಿ ಚೌಕುಳಿಯಾಗಿ ಗಾಡಿಗಳು ತೋಡಿರುತ್ತವೆ. ಅದರ ಮೇಲೆ ನೇರವಾಗಿ ಮರವಿಟ್ಟು ಆರಪಾರಾಗಿ ಕೊಯ್ದರೆ ಮೇಜೇ ಹಾಳಾದೀತು. ನಡುವೆ ಒಂದು ಹಲಗೆ ಬೇಕು. ಬಿಟ್ಟಿನ ಮೊನೆ ಅದನ್ನು ಗೀರಿದರೆ ಚಿಂತೆಯಿಲ್ಲದಂತಿರಬೇಕು. ಜೊತೆಗೆ ಗಾಳಿ ಅದರ ಮೂಲಕ ಹಾಯಬೇಕು. ಗಟ್ಟಿಯೂ ಆಗಿರಬೇಕು, ಗಾಳಿಯನ್ನೂ ಬಿಡಬೇಕು! ಇಂಥ ವಿಚಿತ್ರ ಗುಣವನ್ನು ಹೊಂದಿದ ವಸ್ತು ಎಂ.ಡಿ.ಎಫ್. ಎಂಬ ನಾರುಹಲಗೆ.

ಮರದ ಚೂರುಗಳನ್ನು ಹಬೆಯಲ್ಲಿ ಬೇಯಿಸಿ, ಅರೆದು, ಹತ್ತಿಯಂತೆ ಎಳೆ ಎಳೆಯಾಗಿಸಿ, ಯೂರಿಯಾ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ತಯಾರಿಸಿದ ಅಂಟನ್ನು ಬೆರೆಸಿ, ಕಾಯಿಸಿದ ಒತ್ತುಯಂತ್ರದಲ್ಲಿ ಅದುಮಿದರೆ ಈ ಹಲಗೆ ಸಿದ್ಧವಾಗುತ್ತದೆ. ಇದರ ಕಾರ್ಖಾನೆಗಳು 1960ರ ದಶಕದಲ್ಲಿ ಅಮೆರಿಕದಲ್ಲಿ ಮೊದಲಾದವು. ಭಾರತದಲ್ಲಿಯೂ ಇದಕ್ಕೊಂದು ಮಾನಕ ಸಂಖ್ಯೆಯುಂಟು, ಐ.ಎಸ್. 12406. ಬೇಗ ಬೆಳೆಯುವ ನೀಲಗಿರಿಯಂಥ ತೋಪಿನ ಮರಗಳಿಂದಲೇ ಇದನ್ನು ಮಾಡಬಹುದು. ಇದರಲ್ಲಿ ಗಂಟಿಲ್ಲ, ಎಳೆಯ ದಿಕ್ಕಿಲ್ಲ, ಎಲ್ಲಿ ಕೊರೆದರೂ ಒಂದೇ ಹದ. ಎಳೆಗಳ ನಡುವೆ ಕಣ್ಣಿಗೆ ಕಾಣದ ಸಂದುಗಳಿರುವುದರಿಂದ ಪಂಪು ಹೀರಿದಾಗ ಗಾಳಿ ಹಲಗೆಯೊಳಗಿನಿಂದಲೇ ಹಾಯುತ್ತದೆ. ದಪ್ಪ ಸಾಮಾನ್ಯವಾಗಿ ಹದಿನೆಂಟು ಮಿಲಿಮೀಟರು.

ದೋಷವೂ ಅಲ್ಲಿಯೇ ಇದೆ. ಗಾಳಿಗೆ ದಾರಿ ಕೊಡುವ ಸಂದುಗಳು ತೇವಕ್ಕೂ ದಾರಿ ಕೊಡುತ್ತವೆ, ಧೂಳಿಗೂ ಆಶ್ರಯವಾಗುತ್ತವೆ. ಒತ್ತಿ ಕೂಡಿಸಿದ ಎಳೆಗಳು ತೇವ ಕಂಡೊಡನೆ ದಪ್ಪದ ದಿಕ್ಕಿನಲ್ಲಿ ಮೊದಲಿನಂತೆ ಅರಳಲು ಹವಣಿಸುತ್ತವೆ. ಹೀಗೆ ಅರಳಿದ ಹಲಗೆ ಒಣಗಿದ ಮೇಲೂ ಪೂರ್ತಿಯಾಗಿ ಹಿಂದಿನ ಸ್ಥಿತಿಗೆ ಬರುವುದಿಲ್ಲ.

ಹೊಸ ಹಲಗೆಗೆ ಮೊದಲ ಸಂಸ್ಕಾರ

ಅಂಗಡಿಯಿಂದ ತಂದ ಹಲಗೆಯನ್ನು ಹಾಗೆಯೇ ಮೇಜಿನ ಮೇಲೆ ಹಾಕುವುದು ಹೊಸಬರು ಮಾಡುವ ತಪ್ಪು. ಕಾರ್ಖಾನೆಯ ಒತ್ತುಯಂತ್ರದ ಬಿಸಿಗೆ ಹಲಗೆಯ ಎರಡೂ ಮೈಗಳು ಒಳಗಿನ ತಿರುಳಿಗಿಂತ ಬಿಗಿಯಾಗಿ ಗಟ್ಟಿಗೊಂಡಿರುತ್ತವೆ. ಅನ್ನದ ಪಾತ್ರೆಯ ತಳದಲ್ಲಿ ಸೀಕು ಹಿಡಿದಂತೆ. ಆ ಸಿಪ್ಪೆಯ ಮೂಲಕ ಗಾಳಿ ಸರಿಯಾಗಿ ಹಾಯುವುದಿಲ್ಲ. ಆದ್ದರಿಂದ ಎರಡು ಮೂರು ಅಂಗುಲ ಅಗಲದ ಚಪ್ಪಟೆ ಬಿಟ್ಟನ್ನು ತೊಡಿಸಿ, ಒಂದು ಮೈಯಿಂದ ಸುಮಾರು ಅರ್ಧ ಮಿಲಿಮೀಟರಿನ ಪದರವನ್ನು ಹೆರೆಯಬೇಕು. ಅನಂತರ ಹಲಗೆಯನ್ನು ಮಗುಚಿ ಇನ್ನೊಂದು ಮೈಯನ್ನೂ ಹಾಗೆಯೇ ಹೆರೆಯಬೇಕು. ಈಗ ಅದು ಉಸಿರಾಡುತ್ತದೆ.

ಇನ್ನು ಅಂಚುಗಳು. ಹಲಗೆಯ ನಾಲ್ಕು ಅಂಚುಗಳಲ್ಲಿ ತಿರುಳು ಬಯಲಾಗಿರುವುದರಿಂದ ಗಾಳಿ ಅಲ್ಲಿಂದಲೇ ಹೆಚ್ಚಾಗಿ ನುಗ್ಗುತ್ತದೆ. ತೂತುಬಿದ್ದ ಕೊಡದಲ್ಲಿ ನೀರು ಸೇದಿದಂತೆ ಪಂಪಿನ ಶ್ರಮವೆಲ್ಲ ವ್ಯರ್ಥ. ಆದಕಾರಣ ಅಂಚಿಗೆ ಎರಡು ಮೂರು ಕೋಟು ಬಣ್ಣವನ್ನೋ ಮರದ ಅಂಟನ್ನೋ ಬಳಿದು ಮುಚ್ಚಬೇಕು. ಇದರಿಂದ ಸೋರಿಕೆಯೂ ತಪ್ಪಿತು, ಮಳೆಗಾಲದಲ್ಲಿ ತೇವ ಒಳಹೊಗುವ ಹೆದ್ದಾರಿಯೂ ಮುಚ್ಚಿತು. ಒಂದು ಕೆಲಸಕ್ಕೆ ಎರಡು ಫಲ.

ಹಲಗೆಯನ್ನು ಮೇಜಿಗೆ ಕೂರಿಸಲು ಕಬ್ಬಿಣದ ತಿರುಪು ಬೇಡವೇ ಬೇಡ. ಹಲಗೆ ದಿನದಿನಕ್ಕೂ ತೆಳ್ಳಗಾಗುತ್ತ ಹೋಗುವುದರಿಂದ, ಇಂದು ಆಳದಲ್ಲಿದ್ದ ತಿರುಪಿನ ತಲೆ ಆರು ತಿಂಗಳಲ್ಲಿ ಬಿಟ್ಟಿನ ದಾರಿಗೆ ಬಂದು ನಿಂತೀತು. ಪ್ಲಾಸ್ಟಿಕ್ ತಿರುಪಾದರೆ ಬಿಟ್ಟು ತಾಗಿದರೂ ಕೇಡಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದು ಉಳಿಯಿತು. ಹೆರೆಯುವುದರ ಉದ್ದೇಶ ಹಲಗೆಯನ್ನು ಭೂಮಿಗೆ ಸಮನಾಗಿಸುವುದಲ್ಲ, ಬಿಟ್ಟಿನ ಓಟಕ್ಕೆ ಸಮನಾಗಿಸುವುದು. ಮೇಜು ಕೂದಲೆಳೆಯಷ್ಟು ಓರೆಯಾಗಿರಬಹುದು, ಯಂತ್ರದ ಕಂಬಿ ತುಸು ಬಾಗಿರಬಹುದು. ಆದರೆ ಅದೇ ಯಂತ್ರ ತನ್ನ ಬಿಟ್ಟಿನಿಂದಲೇ ಹೆರೆದ ಮೈ ಆ ಯಂತ್ರದ ಕುಂದನ್ನು ಒಳಗೊಂಡೇ ಸಮನಾಗಿರುತ್ತದೆ. ಆ ಕಾರಣದಿಂದಲೇ ಹಲಗೆಯನ್ನು ಬೇರೆಡೆ ಕೀಸುಳಿಯಿಂದ ನುಣುಪು ಮಾಡಿಸಿ ತಂದರೆ ಪ್ರಯೋಜನವಿಲ್ಲ. ಹೆರೆದಾದ ಮೇಲೆ ಮೈಯ ಮೇಲೆ ಬೆರಳುಗುರು ಆಡಿಸಿ ನೋಡಬೇಕು. ಸಾಲು ಸಾಲಾಗಿ ಮೆಟ್ಟಿಲು ತಾಗಿದರೆ, ಬಿಟ್ಟು ಲಂಬವಾಗಿ ನಿಂತಿಲ್ಲವೆಂದೇ ಅರ್ಥ.

ಕಡತವೂ ಒರಳುಕಲ್ಲೂ

ಹಿಂದಿನ ಕಾಲದ ಶಾನುಭೋಗರೂ ವರ್ತಕರೂ ಲೆಕ್ಕ ಬರೆಯುತ್ತಿದ್ದ ಕಡತ ಓದುಗರಲ್ಲಿ ಹಲವರಿಗೆ ನೆನಪಿರಬಹುದು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಬರಹ ಬೇಡವಾದಾಗ ಅಳಿಸಿ, ಮತ್ತೆ ಮಸಿ ಬಳಿದರೆ ಕಡತ ಹೊಸದಾಗುತ್ತಿತ್ತು. ಅಡಿಹಲಗೆಯೂ ಅಂಥದೊಂದು ಕಡತವೇ. ಅದರ ಮೇಲೆ ಬಿಟ್ಟು ಬರೆದ ಗೀರುಗಳು ತುಂಬಿಹೋದಾಗ, ಒಂದು ತೆಳುಪದರವನ್ನು ಹೆರೆದು ಮೈಯನ್ನು ಹೊಸದು ಮಾಡುತ್ತಾರೆ.

ಗೀರುಗಳು ಇದ್ದರೇನು ಕೇಡು ಎಂದು ಕೇಳಬಹುದು. ಪ್ರತಿ ಗೀರೂ ಗಾಳಿಗೆ ಒಂದು ಕಾಲುವೆ. ಮರದ ತುಂಡಿನ ಅಡಿಯಲ್ಲಿ ಗೀರು ಹಾದುಹೋಗಿ ಅಂಚಿನಾಚೆ ತೆರೆದರೆ, ಅಲ್ಲಿಂದ ಗಾಳಿ ನುಗ್ಗಿ ಹಿಡಿತ ಸಡಿಲವಾಗುತ್ತದೆ. ಸಣ್ಣ ತುಂಡಾದರಂತೂ ಅದಕ್ಕೆ ಅಷ್ಟೇ ಸಾಕು. ಇದನ್ನು ತಿಳಿಯಲು ಪಂಪಿನ ಒತ್ತಡಮಾಪಕವನ್ನು ನೋಡುವ ಅಭ್ಯಾಸವಿರಬೇಕು. ಹೊಸದಾಗಿ ಹೆರೆದ ಹಲಗೆಯ ಮೇಲೆ ಇಡೀ ಹಾಳೆಯೊಂದನ್ನು ಹಾಸಿದಾಗ ಮುಳ್ಳು ಎಲ್ಲಿ ನಿಂತಿತೆಂದು ಗೋಡೆಯ ಮೇಲೆ ಬರೆದಿಟ್ಟರೆ, ಅದು ಇಳಿಯತೊಡಗಿದ ದಿನವೇ ಎಚ್ಚರಿಕೆಯ ಗಂಟೆ.

ಹೆರೆಯುವುದರಲ್ಲಿಯೂ ಮಿತವ್ಯಯ ಬೇಕು. ಹದಿನೆಂಟು ಮಿಲಿಮೀಟರಿನ ಹಲಗೆಯಲ್ಲಿ ಮೊದಲ ಸಂಸ್ಕಾರಕ್ಕೆ ಒಂದು ಮಿಲಿಮೀಟರು ಹೋಯಿತು. ಹತ್ತು ಮಿಲಿಮೀಟರಿಗೆ ಇಳಿದಾಗ ಅದನ್ನು ಬದಲಿಸುವುದು ಒಳ್ಳೆಯದು. ಏಕೆಂದರೆ ತೆಳುವಾದ ಹಲಗೆ ಮೇಜಿನ ಗಾಡಿಗಳ ಮೇಲೆ ಬಾಗತೊಡಗುತ್ತದೆ. ಉಳಿದದ್ದು ಏಳು ಮಿಲಿಮೀಟರು. ಒಂದೊಂದು ಸಲ 0.4 ಮಿಲಿಮೀಟರು ಹೆರೆದರೆ ಹದಿನೇಳು ಸಲಕ್ಕೆ ಸಾಕು. ಅಜಾಗರೂಕತೆಯಿಂದ ಬಿಟ್ಟನ್ನು ಒಂದು ಮಿಲಿಮೀಟರು ಆಳಕ್ಕೆ ಇಳಿಸಿ ಕೊಯ್ಯುವ ಶಾಲೆಯಲ್ಲಿ ಗೀರು ಮಾಯಬೇಕಾದರೆ ಅಷ್ಟನ್ನೂ ಹೆರೆಯಬೇಕು. ಅದೇ ಹಲಗೆ ಏಳು ಸಲಕ್ಕೇ ಮುಗಿಯಿತು. ಆರಪಾರು ಕೊಯ್ಯಲು ಅಡಿಹಲಗೆಯೊಳಗೆ 0.1 ರಿಂದ 0.2 ಮಿಲಿಮೀಟರು ಇಳಿದರೆ ಸಾಕೇ ಸಾಕು. ಒಳ್ಳೆಯ ಕೆಲಸಗಾರನನ್ನು ಅವನ ಅಡಿಹಲಗೆಯ ಗೀರುಗಳ ಆಳದಿಂದಲೇ ಗುರುತಿಸಬಹುದು.

ನಮ್ಮ ಅಜ್ಜಿಯಂದಿರ ಕಾಲದಲ್ಲಿ ‘ಒರಳುಕಲ್ಲು ಕುಟ್ಟಿಸುತ್ತೀರಾ?’ ಎಂದು ಕೂಗುತ್ತ ಬೀದಿಯಲ್ಲಿ ಬರುತ್ತಿದ್ದವರು ಸವೆದು ನುಣುಪಾದ ಕಲ್ಲಿಗೆ ಚಾಣದಿಂದ ಮತ್ತೆ ಕಚ್ಚು ಹಾಕಿಕೊಡುತ್ತಿದ್ದರು. ಅಲ್ಲಿ ನುಣುಪಾದದ್ದನ್ನು ಒರಟು ಮಾಡಬೇಕು, ಇಲ್ಲಿ ಒರಟಾದದ್ದನ್ನು ನುಣುಪು ಮಾಡಬೇಕು. ವ್ಯತ್ಯಾಸ ಅಷ್ಟೇ. ಕಲ್ಲು ಕುಟ್ಟಿಸಿದ ದಿನ ಅದನ್ನು ಚೆನ್ನಾಗಿ ತೊಳೆಯದೆ ರುಬ್ಬಿದರೆ ಹಿಟ್ಟಿನಲ್ಲಿ ಮರಳು ಸಿಕ್ಕುವಂತೆ, ಹಲಗೆ ಹೆರೆದ ದಿನವೂ ಒಂದು ಕೆಲಸವನ್ನು ಮರೆಯಬಾರದು. ಹಲಗೆ ತೆಳ್ಳಗಾಗಿದೆ ಎಂಬ ಸಂಗತಿಯನ್ನು ಯಂತ್ರಕ್ಕೆ ತಿಳಿಸಬೇಕು! ಬಿಟ್ಟಿನ ಮೊನೆ ಹೊಸ ಮೈಯನ್ನು ಮುಟ್ಟುವ ಎತ್ತರವನ್ನು ಸೊನ್ನೆಯೆಂದು ಮತ್ತೆ ಗುರುತಿಸಬೇಕು. ಮರೆತರೆ, ಅಷ್ಟರ ಮಟ್ಟಿಗೆ ಆ ದಿನದ ಕೊಯ್ತವೆಲ್ಲ ಅರೆಬರೆ.

ದಿನದ ಪಾಠ

ಪ್ರತಿದಿನದ ಆರೈಕೆ ಗೃಹಕೃತ್ಯದಷ್ಟೇ ಸರಳ, ಅಷ್ಟೇ ಬೇಸರದ್ದು. ಪ್ರತಿ ಹಾಳೆಯ ಅನಂತರ ಧೂಳನ್ನು ಹೀರುವ ಯಂತ್ರದಿಂದ ಮೇಜನ್ನು ಶುಚಿ ಮಾಡಬೇಕು. ಮರದ ಅಡಿಯಲ್ಲಿ ಸಿಕ್ಕಿಕೊಂಡ ಒಂದೇ ಒಂದು ಚಕ್ಕೆ ಮರವನ್ನು ಅಷ್ಟರ ಮಟ್ಟಿಗೆ ಎತ್ತಿ ನಿಲ್ಲಿಸುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವುದು ಮಹಾಪರಾಧ. ಪಂಪಿನ ಶೋಧಕವನ್ನು ಆಗಾಗ ಬಿಚ್ಚಿ ಕೊಡವಬೇಕು. ಅಡಿಹಲಗೆಯ ಸಂದುಗಳಿಂದ ಇಳಿದ ನುಣ್ಣನೆಯ ಧೂಳು ಕೊನೆಗೆ ಸೇರುವುದು ಅಲ್ಲಿಯೇ. ಮೇಜಿನ ಎಲ್ಲ ಭಾಗಗಳಿಗೂ ಕೆಲಸವಿಲ್ಲದಾಗ ಖಾಲಿ ಭಾಗದ ಕವಾಟವನ್ನು ಮುಚ್ಚಬೇಕು, ಇಲ್ಲವೇ ಗಾಳಿ ಹಾಯದ ಯಾವುದಾದರೊಂದು ಹಾಳೆಯನ್ನು ಹಾಸಬೇಕು.

ಸಣ್ಣ ತುಂಡುಗಳ ವಿಷಯದಲ್ಲಿ ಒಂದು ಜಾಣತನವಿದೆ. ಮೊದಲ ಸುತ್ತಿನಲ್ಲಿ ಪೂರ್ತಿ ಕೊಯ್ಯದೆ, ಈರುಳ್ಳಿಯ ಪೊರೆಯಷ್ಟು ತೆಳುವಾದ ಪದರವನ್ನು ಉಳಿಸಬೇಕು. ಇಡೀ ಹಾಳೆ ಒಂದಾಗಿರುವುದರಿಂದ ಹಿಡಿತ ಬಿಗಿಯಾಗಿರುತ್ತದೆ. ಎರಡನೆಯ ಸುತ್ತಿನಲ್ಲಿ ಬಿಟ್ಟಿಗೆ ಉಳಿದ ಕೆಲಸ ಆ ಪೊರೆಯಷ್ಟೇ ಆದ್ದರಿಂದ ತುಂಡನ್ನು ತಳ್ಳುವ ಬಲವೂ ಕಡಿಮೆ. ಸಣ್ಣ ತುಂಡುಗಳನ್ನು ಮೊದಲು, ಹಾಳೆ ಇಡಿಯಾಗಿರುವಾಗಲೇ ಕೊಯ್ದುಕೊಂಡು ದೊಡ್ಡವನ್ನು ಕೊನೆಗೆ ಬಿಡುವುದೂ ಇದೇ ಕಾರಣಕ್ಕೆ.

ಮಳೆಗಾಲದ ಪರೀಕ್ಷೆ

ಇಷ್ಟೆಲ್ಲ ಬಲ್ಲವನಿಗೂ ಕರಾವಳಿಯ ಮಳೆಗಾಲ ಒಂದು ಪರೀಕ್ಷೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ತೀರದಲ್ಲಿ ಗಾಳಿಯೇ ಅರ್ಧ ನೀರು. ಪಂಪು ಹೀರುವುದೂ ಅದೇ ಗಾಳಿಯನ್ನು. ದಿನವಿಡೀ ತೇವದ ಗಾಳಿ ಹಲಗೆಯ ಎಳೆ ಎಳೆಯನ್ನೂ ಹಾದುಹೋಗುತ್ತದೆ. ಅದರಲ್ಲಿಯೂ ಉಬ್ಬು ಒಂದೇ ಸಮನಾಗಿದ್ದರೆ ಚಿಂತೆಯಿರಲಿಲ್ಲ. ಸೊನ್ನೆಯನ್ನು ಮತ್ತೊಮ್ಮೆ ಗುರುತಿಸಿದರೆ ಮುಗಿಯುತ್ತಿತ್ತು. ಆದರೆ ರಾತ್ರಿಯೆಲ್ಲ ಒಂದು ಬದಿಗೆ ಮರದ ಹಾಳೆ ಮುಚ್ಚಿದ್ದು ಇನ್ನೊಂದು ಬದಿ ಬಯಲಾಗಿದ್ದರೆ, ಬಯಲಾದ ಕಡೆ ಹೆಚ್ಚು ಉಬ್ಬುತ್ತದೆ. ಹಳೆಯ ಗೀರುಗಳ ತುಟಿಗಳು ಎದ್ದು ನಿಲ್ಲುತ್ತವೆ.

ಇದರ ಪರಿಣಾಮ ಏನು? ಒಂದು ಮನೆಯ ಗೃಹಪ್ರವೇಶಕ್ಕೆ ಮುಹೂರ್ತ ನಿಶ್ಚಯವಾಗಿದೆ ಎಂದಿಟ್ಟುಕೊಳ್ಳೋಣ. ಅಜ್ಜನ ಕಾಲದಿಂದ ಅಟ್ಟದಲ್ಲಿ ಕಾಪಾಡಿದ್ದ ತೇಗದ ಹಲಗೆಗಳನ್ನು ಕೂಡಿಸಿ ಮುಂಬಾಗಿಲು ಮಾಡಿಸಿದ್ದಾರೆ. ಅದರ ಮೇಲೆ ಬಳ್ಳಿಯ ಗೆರೆ ಕೊರೆಯಬೇಕು. ಅದಕ್ಕೆ ಬಳಸುವುದು ಚೂಪುಮೊನೆಯ ಬಿಟ್ಟು. ತೊಂಬತ್ತು ಡಿಗ್ರಿ ಕೋನದ ಬಿಟ್ಟಾದರೆ ಗೆರೆಯ ಅಗಲ ಯಾವಾಗಲೂ ಆಳದ ಎರಡರಷ್ಟು. ಅಡಿಹಲಗೆ ಒಂದು ತುದಿಯಲ್ಲಿ ಅರ್ಧ ಮಿಲಿಮೀಟರು ಉಬ್ಬಿ ಬಾಗಿಲನ್ನು ಮೇಲೆತ್ತಿದ್ದರೆ, ಅಲ್ಲಿ ಗೆರೆ ಒಂದು ಮಿಲಿಮೀಟರು ಅಗಲವಾಗುತ್ತದೆ. ಬಲಗಡೆ ಮೂರು ಮಿಲಿಮೀಟರಿನ ಬಳ್ಳಿ, ಎಡಗಡೆ ನಾಲ್ಕು! ಹತ್ತು ಅಡಿ ದೂರದಿಂದಲೂ ಬಂದವರ ಕಣ್ಣಿಗೆ ಬೀಳುತ್ತದೆ. ಮತ್ತೆ ಕೊರೆಯಲು ಅಜ್ಜನ ತೇಗ ಇನ್ನೆಲ್ಲಿಂದ ಬಂದೀತು?

‘ಆಚಾರ್ರೇ, ಯಂತ್ರದ ಕೆಲಸವಲ್ಲವೇ, ತಪ್ಪು ಹೇಗಾಯಿತು?’ ಎಂದು ಮನೆಯೊಡೆಯ ಕೇಳಿದರೆ ಅವನು ಏನೆಂದು ಉತ್ತರಿಸಬೇಕು? ಯಂತ್ರ ತಪ್ಪಲಿಲ್ಲ. ಹೇಳಿದಷ್ಟನ್ನೇ ಮಾಡಿತು. ತಪ್ಪಿದ್ದು ಅದರ ಅಡಿಯಲ್ಲಿದ್ದ ಹಲಗೆ. ಅದನ್ನು ಆ ಬೆಳಿಗ್ಗೆ ನೋಡದೆ ಬಿಟ್ಟ ಕಣ್ಣು.

ಆದ್ದರಿಂದ ತೇವದ ನಾಡಿನಲ್ಲಿ ಪಾಲಿಸಬೇಕಾದ ನಿಯಮಗಳು ಕೆಲವು. ಹೊಸ ಹಲಗೆಯನ್ನು ತಂದ ದಿನವೇ ಹೆರೆಯಬಾರದು; ಶಾಲೆಯ ಹವೆಗೆ ಹೊಂದಿಕೊಳ್ಳಲು ಕೆಲವು ದಿನ ಬಿಡಬೇಕು. ಮೊದಲ ಮಳೆ ಬಿದ್ದೊಡನೆ ಅವಸರದಿಂದ ಹೆರೆದರೂ ಪ್ರಯೋಜನವಿಲ್ಲ, ಏಕೆಂದರೆ ಹಲಗೆ ಇನ್ನೂ ಉಬ್ಬುತ್ತಲೇ ಇರುತ್ತದೆ. ಅದು ತೇವದ ಒಂದು ಸಮಸ್ಥಿತಿಗೆ ಬಂದ ಮೇಲೆ ಹೆರೆಯಬೇಕು. ಸಂಜೆ ಕೆಲಸ ಮುಗಿಸುವಾಗ ಇಡೀ ಮೇಜನ್ನು ಒಂದೇ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಬೇಕು. ಬೆಲೆಬಾಳುವ ಕೆಲಸ ಹಿಡಿಯುವ ಬೆಳಿಗ್ಗೆ ಮೇಜಿನ ನಾಲ್ಕು ಮೂಲೆಗಳಲ್ಲಿಯೂ ನಡುವಿನಲ್ಲಿಯೂ ಬಿಟ್ಟಿನ ಮೊನೆ ಮುಟ್ಟುವ ಎತ್ತರವನ್ನು ಅಳೆದು ನೋಡಬೇಕು. ಐದು ಅಂಕಿಗಳು ಒಂದಾಗಿದ್ದರೆ ಕೆಲಸಕ್ಕೆ ಕೈಹಾಕಬಹುದು. ಬೇರೆಬೇರೆಯಾಗಿದ್ದರೆ ಒಂದು ತೆಳುಪದರ ಹೆರೆಯಲೇಬೇಕು.

ಮಳೆಗಾಲದ ಇನ್ನೊಂದು ಸಂಕಟ ವಿದ್ಯುತ್ತಿನದು. ಗಾಳಿಮಳೆಗೆ ದೀಪ ಹೋದರೆ ಪಂಪು ನಿಲ್ಲುತ್ತದೆ, ಹಿಡಿತ ಕಣ್ಮುಚ್ಚಿ ತೆರೆಯುವುದರೊಳಗೆ ಸಡಿಲುತ್ತದೆ. ದೀಪ ಬಂದೊಡನೆ ನಿಂತಲ್ಲಿಂದ ಮುಂದುವರಿಸುವ ಆತುರ ತರವಲ್ಲ. ಮರ ತನ್ನ ಜಾಗದಲ್ಲಿಯೇ ಇದೆಯೇ, ಯಂತ್ರಕ್ಕೆ ತನ್ನ ಸೊನ್ನೆ ನೆನಪಿದೆಯೇ ಎಂದು ನೋಡಿಯೇ ಗುಂಡಿ ಒತ್ತಬೇಕು.

ಕಣ್ಣಿಗೆ ಕಾಣದ ವೈರಿ

ಹಲಗೆ ಹೆರೆಯುವಾಗ ಏಳುವ ಧೂಳು ಗಂಧದ ಪುಡಿಯಂತಲ್ಲ. ಹಿಟ್ಟಿಗಿಂತ ನುಣುಪಾದ ಆ ಧೂಳು ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತದೆ. ಎದೆಯೊಳಕ್ಕೆ ಆಳವಾಗಿ ಇಳಿಯುತ್ತದೆ. ಜಾಗತಿಕ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಮಂಡಲಿ ಮರದ ಧೂಳನ್ನೂ, 2004ರಲ್ಲಿ ಫಾರ್ಮಾಲ್ಡಿಹೈಡನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು. ಆದ್ದರಿಂದ ಹೆರೆಯುವ ದಿನ ಧೂಳು ಹೀರುವ ಕೊಳವೆ ಚೆನ್ನಾಗಿ ನಡೆಯುತ್ತಿರಬೇಕು, ಯಂತ್ರದ ಬಳಿಯಿರುವವನು ಮೂಗುಬಾಯಿಗೆ ಸರಿಯಾದ ಮುಸುಕು ಧರಿಸಬೇಕು. ಹೆಗಲ ಮೇಲಿನ ಪಂಚೆಯನ್ನು ಮೂಗಿಗೆ ಸುತ್ತಿಕೊಂಡರೆ ಸಾಲದು. ಧೂಳು ಕವಿದ ಶಾಲೆಯಲ್ಲಿ ಬೀಡಿ ಹಚ್ಚುವುದಂತೂ ಬೆಂಕಿಯೊಡನೆ ಸರಸವೇ ಸರಿ. ನುಣುಪಾದ ಮರದ ಧೂಳು ಗಾಳಿಯಲ್ಲಿ ಕಿಡಿ ಕಂಡರೆ ಒಮ್ಮೆಲೇ ಹೊತ್ತಿಕೊಳ್ಳಬಲ್ಲುದು.

ಈ ವಿದ್ಯೆಗಳನ್ನು ಕಲಿಸುವ ಏರ್ಪಾಡು ನಮ್ಮ ನಾಡಿನಲ್ಲಿಯೇ ಇದೆ. 1938ರಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಸಂಶೋಧನಾಲಯವಾಗಿ ಆರಂಭಗೊಂಡು, 1988ರಲ್ಲಿ ಹೊಸ ರೂಪ ಪಡೆದ ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಆಧುನಿಕ ಮರಗೆಲಸದ ಯಂತ್ರಗಳ ತರಬೇತಿಗೆಂದೇ ಒಂದು ಕೇಂದ್ರವನ್ನು ತೆರೆದಿದೆ. ಉಳಿ ಹಿಡಿದವರ ಮನೆಯ ಮಕ್ಕಳು ಗಣಕಯಂತ್ರದ ಮುಂದೆ ಕೂತು ಬಳ್ಳಿ ಬಿಡಿಸುವುದನ್ನು ಕಲಿತರೆ ಕಲೆಗೆ ನಷ್ಟವೆಂದು ಮರುಗಬೇಕಾಗಿಲ್ಲ. ಯಾವ ಬಳ್ಳಿ ಎಲ್ಲಿ ತಿರುಗಬೇಕೆಂದು ಯಂತ್ರಕ್ಕೆ ತಿಳಿಯದು; ಯಂತ್ರ ಕೊರೆದ ಮೇಲೆ ಕೊನೆಯ ಜೀವಕಳೆ ತುಂಬುವುದು ಇಂದಿಗೂ ಕೈಯ ಉಳಿಯೇ.

ಕೊನೆಯ ಮಾತು

ಹತ್ತು ಮಿಲಿಮೀಟರಿಗೆ ಇಳಿದ ಹಲಗೆಯ ಗತಿ ಏನು? ಅಚ್ಚು ಕತ್ತರಿಸಲು, ಸರಕು ಕಟ್ಟುವಾಗ ಅಡಿಗೆ ಹಾಸಲು ಅದು ಇನ್ನೂ ಬರುತ್ತದೆ. ಆದರೆ ಒಂದು ಎಚ್ಚರಿಕೆಯನ್ನು ಶಾಲೆಯವರಷ್ಟೇ ಅಲ್ಲ, ಮನೆಯವರೂ ಮನಸ್ಸಿನಲ್ಲಿಡಬೇಕು. ಕರಾವಳಿಯ ಮನೆಗಳಲ್ಲಿ ಮರದ ಚೂರು ಕಂಡರೆ ಬಚ್ಚಲ ಒಲೆಗೆ ಹಾಕುವ ರೂಢಿಯುಂಟು. ನಾರುಹಲಗೆಯ ಚೂರನ್ನಾಗಲಿ ಹಳೆಯ ಕಪಾಟಿನ ಮುರುಕನ್ನಾಗಲಿ ಹಾಗೆ ಉರಿಸಬಾರದು. ಅದರ ಅಂಟು ಸುಟ್ಟು ಬರುವ ಹೊಗೆ ಕಣ್ಣಿಗೂ ಉಸಿರಿಗೂ ಕೇಡು. ಬಿಸಿನೀರಿನ ಸ್ನಾನಕ್ಕಾಗಿ ಮಕ್ಕಳಿಗೆ ಆ ಹೊಗೆ ಕುಡಿಸುವುದು ಬೇಡ.

ಇನ್ನು ಮುಂದೆ ಯಾವುದಾದರೊಂದು ಹೊಸ ಮನೆಯ ಮುಂಬಾಗಿಲಲ್ಲಿ ಒಂದೇ ಹದದ ಗೆರೆಗಳ ಬಳ್ಳಿಯನ್ನು ಕಂಡಾಗ ಓದುಗರು ಕೆತ್ತಿದವರನ್ನು ಹೊಗಳುವುದು ಸಹಜ. ಅದರ ಅಡಿಯಲ್ಲಿ ಮಲಗಿದ್ದು, ತನ್ನ ಮೈಯನ್ನು ಪದರ ಪದರವಾಗಿ ಕೊಟ್ಟ ಹಲಗೆಯೊಂದಿತ್ತು. ಮಳೆಗಾಲದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಅದರ ಮೇಲೆ ಬೆರಳಾಡಿಸಿ ನೋಡಿದ ಕೆಲಸಗಾರನೊಬ್ಬನಿದ್ದ ಎಂಬುದನ್ನೂ ಆಗ ನೆನೆದರೆ ಆ ಹೊಗಳಿಕೆ ಪೂರ್ತಿಯಾದೀತು.